ಡಿಸ್ಚಾರ್ಜ್ ಆದ ಮೇಲಿನ ದಿನಗಳು: ಆತ್ಮಹತ್ಯೆ ಯತ್ನ ಮರುಕಳಿಸುವುದೇಕೆ, ತಡೆಯುವ ಹೊಣೆ ಯಾರದು?

‘ಆತ್ಮಹತ್ಯೆಗೆ ಯತ್ನ: ಪ್ರಾಣಾಪಾಯದಿಂದ ಪಾರು.’ ರಾಯಚೂರು, ಕೊಪ್ಪಳ, ಬಳ್ಳಾರಿಯ ಜಿಲ್ಲಾ ಪುಟಗಳನ್ನು ದಿನವೂ ಓದುವವರಿಗೆ ಈ ತಲೆಬರಹ ಹೊಸದಲ್ಲ. ಸಾಲ ಕೊಟ್ಟವರ ಒತ್ತಡಕ್ಕೆ ನೊಂದ ರೈತ, ಮನೆಯ ಜಗಳದಲ್ಲಿ ಬೆಂದ ಹೆಣ್ಣುಮಗಳು, ಫಲಿತಾಂಶಕ್ಕೆ ಹೆದರಿದ ಹುಡುಗ. ಆಸ್ಪತ್ರೆಗೆ ಸೇರಿಸಲಾಗಿದೆ, ಚೇತರಿಸಿಕೊಳ್ಳುತ್ತಿದ್ದಾರೆ ಎಂಬಲ್ಲಿಗೆ ಸುದ್ದಿ ಮುಗಿಯುತ್ತದೆ.

ಇಂಥ ಸುದ್ದಿ ಬಂದಾಗಲೆಲ್ಲ ಓದುಗರು ಕೇಳುವುದು ಒಂದೇ ಪ್ರಶ್ನೆ: ಈಗ ಕೇಸ್ ಆಗುತ್ತದೆಯೇ? 2024ರ ಜುಲೈ 1ರಂದು ಹೊಸ ಕ್ರಿಮಿನಲ್ ಕಾನೂನು ಜಾರಿಗೆ ಬಂದ ಮೇಲಂತೂ ಗೊಂದಲ ಇನ್ನೂ ಹೆಚ್ಚಿದೆ. ‘ಯತ್ನ ಅಪರಾಧವಲ್ಲ’ ಎಂದು ಒಂದು ಕಡೆ ಓದುತ್ತೇವೆ; ಪ್ರತಿಭಟನೆಯಲ್ಲಿ ಯತ್ನಿಸಿದವರ ಮೇಲೆ ಪ್ರಕರಣ ಹೂಡಬಹುದು ಎಂದು ಇನ್ನೊಂದು ಕಡೆ ಓದುತ್ತೇವೆ. ಆದರೆ ಇದಕ್ಕಿಂತ ದೊಡ್ಡದಾದ ಒಂದು ಪ್ರಶ್ನೆಯನ್ನು ಬಹುಪಾಲು ಯಾರೂ ಕೇಳುವುದಿಲ್ಲ. ಬದುಕಿ ಮನೆಗೆ ಬಂದ ಆ ವ್ಯಕ್ತಿ ಮುಂದಿನ ವಾರ, ಮುಂದಿನ ತಿಂಗಳು, ಐದು ವರ್ಷದ ನಂತರ ಹೇಗಿರುತ್ತಾನೆ? ಈ ಲೇಖನ ಮುಖ್ಯವಾಗಿ ಅದರ ಬಗ್ಗೆ. ಕಾನೂನಿನ ಗೊಂದಲವೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುವುದರಿಂದ ಮೊದಲು ಅದನ್ನು ಬಿಡಿಸಿಕೊಳ್ಳೋಣ.

ಕಾನೂನು ಎಲ್ಲಿಂದ ಎಲ್ಲಿಗೆ ಬಂತು

ಬ್ರಿಟಿಷರ ಕಾಲದ ಭಾರತೀಯ ದಂಡ ಸಂಹಿತೆಯ 309ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸುವುದು ಅಪರಾಧವಾಗಿತ್ತು. ಒಂದು ವರ್ಷದವರೆಗೆ ಸಾದಾ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಈ ಕಲಂ ತೆಗೆದುಹಾಕಿ ಎಂದು ಕಾನೂನು ಆಯೋಗ 1971ರಲ್ಲೇ ಹೇಳಿತ್ತು. 1994ರಲ್ಲಿ ಪಿ. ರತಿನಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಅಸಾಂವಿಧಾನಿಕ ಎಂದು ಸಾರಿತು. ಎರಡೇ ವರ್ಷದಲ್ಲಿ, 1996ರ ಗ್ಯಾನ್ ಕೌರ್ ಪ್ರಕರಣದಲ್ಲಿ, ಐವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ತಿರುಗಿಸಿತು. 2008ರಲ್ಲಿ ಕಾನೂನು ಆಯೋಗ ತನ್ನ 210ನೇ ವರದಿಯಲ್ಲಿ ಮತ್ತೊಮ್ಮೆ ಅದೇ ಮಾತು ಹೇಳಿತು.

ನಿಜವಾದ ತಿರುವು ಬಂದದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಿಂದ. 2018ರಲ್ಲಿ ಜಾರಿಯಾದ ಈ ಕಾಯ್ದೆಯ 115ನೇ ಸೆಕ್ಷನ್‌ನಲ್ಲಿ ಎರಡು ಮಾತುಗಳಿವೆ. ಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದ ಎಂದೇ ಭಾವಿಸಬೇಕು, ಬೇರೆ ರೀತಿ ಸಾಬೀತಾಗದ ಹೊರತು ಅವನನ್ನು ಶಿಕ್ಷಿಸುವಂತಿಲ್ಲ ಎಂಬುದು ಮೊದಲನೆಯದು. ಪತ್ರಿಕೆಗಳು ಬರೆದದ್ದು, ವಕೀಲರು ಉಲ್ಲೇಖಿಸುವುದು ಇದನ್ನೇ. ಎರಡನೆಯದರ ಬಗ್ಗೆ ಮಾತು ಕಡಿಮೆ. ಅಂಥ ವ್ಯಕ್ತಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸಿ, ಯತ್ನ ಮರುಕಳಿಸುವ ಅಪಾಯ ತಗ್ಗಿಸುವುದು ಸರ್ಕಾರದ ಕರ್ತವ್ಯ ಎಂದು ಅದು ಹೇಳುತ್ತದೆ. ಮರುಯತ್ನದ ಅಪಾಯವನ್ನು ಈ ದೇಶದ ಕಾನೂನೇ ಗುರುತಿಸಿ, ಅದನ್ನು ಇಳಿಸುವ ಹೊಣೆಯನ್ನು ಸರ್ಕಾರದ ಹೆಗಲಿಗೆ ಹಾಕಿದೆ.

2024ರಲ್ಲಿ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309ಕ್ಕೆ ಜಾಗವಿಲ್ಲ. ಬದಲಿಗೆ 226ನೇ ಸೆಕ್ಷನ್ ಸೇರಿದೆ: ಸರ್ಕಾರಿ ನೌಕರನನ್ನು ಕರ್ತವ್ಯದ ವಿಷಯದಲ್ಲಿ ಬಲವಂತಪಡಿಸಲು ಅಥವಾ ತಡೆಯಲು ಆತ್ಮಹತ್ಯೆಗೆ ಯತ್ನಿಸಿದರೆ ಒಂದು ವರ್ಷದವರೆಗೆ ಸಾದಾ ಸಜೆ, ದಂಡ ಅಥವಾ ಸಮುದಾಯ ಸೇವೆ. ಜಿಲ್ಲಾಧಿಕಾರಿ ಕಚೇರಿ ಎದುರು ಪರಿಹಾರ ಕೇಳುತ್ತ ಕುಳಿತವರು ಹತಾಶೆಯಲ್ಲಿ ಇಂಥದ್ದಕ್ಕೆ ಕೈಹಾಕಿದರೆ ಈ ಸೆಕ್ಷನ್ ಎದುರಾಗಬಹುದು. ಇಲ್ಲದಿದ್ದರೆ ಆಡಳಿತವನ್ನೇ ಒತ್ತೆ ಇಟ್ಟಂತಾಗುತ್ತದೆ ಎನ್ನುವವರಿದ್ದಾರೆ. ಅಧಿಕಾರಿಯ ಬಾಗಿಲಿಗೆ ಬರುವಷ್ಟರಲ್ಲಿ ಬೇರೆಲ್ಲ ಬಾಗಿಲು ಮುಚ್ಚಿರುತ್ತವೆ, ಅವರೂ ತೀವ್ರ ಒತ್ತಡದಲ್ಲಿರುವವರೇ, 115ರ ರಕ್ಷಣೆ ಅವರಿಗೂ ಸಿಗಬೇಕು ಎನ್ನುವವರೂ ಇದ್ದಾರೆ. ಎರಡನೆಯ ವಾದದಲ್ಲಿ ನನಗೆ ಹೆಚ್ಚು ಹುರುಳು ಕಾಣುತ್ತದೆ.

ಹಾಗಾದರೆ ಮನೆಯಲ್ಲಿ ಯತ್ನಿಸಿ ಬದುಕುಳಿದವರ ಮೇಲೆ ಕೇಸ್ ಆಗುತ್ತದೆಯೇ? ಯತ್ನಕ್ಕಾಗಿ ಶಿಕ್ಷೆ ಇಲ್ಲ. ಆದರೆ ಆಸ್ಪತ್ರೆಗಳಲ್ಲಿ ಇದನ್ನು ಈಗಲೂ ಎಂಎಲ್‌ಸಿ (ವೈದ್ಯಕೀಯ–ಕಾನೂನು ಪ್ರಕರಣ) ಎಂದು ನಮೂದಿಸಿ ಪೊಲೀಸರಿಗೆ ತಿಳಿಸುವ ರೂಢಿ ಇದೆ. ಕಿರುಕುಳ, ವರದಕ್ಷಿಣೆ, ಪ್ರಚೋದನೆಯ ಶಂಕೆ ಇದ್ದಾಗ ಆ ದಾಖಲೆ ನೊಂದವರಿಗೇ ನೆರವಾಗುತ್ತದೆ. ಮಹಿಳೆಯರ ಪರ ಕೆಲಸ ಮಾಡುವವರಲ್ಲಿ ಕೆಲವರು ಇದನ್ನು ಬಿಡಬಾರದು ಎನ್ನುವುದು ಅದಕ್ಕೇ. ಆದರೆ ಮನೆಯವರ ಕಣ್ಣಿಗೆ ಬೀಳುವುದು ಖಾಕಿ ಮಾತ್ರ.

ಆ ಹೆದರಿಕೆಯಿಂದ ಏನಾಗುತ್ತದೆ ನೋಡಿ. ಪೊಲೀಸರು ಬರುತ್ತಾರೆಂದು ಮನೆಯವರು ‘ಗೊತ್ತಿಲ್ಲದೆ ಆಯಿತು’ ಎಂದು ಬರೆಸುತ್ತಾರೆ. ಆಕಸ್ಮಿಕ ಎಂದು ದಾಖಲಾದ ಮೇಲೆ ಮನೋವೈದ್ಯರನ್ನು ಕರೆಯುವ ಪ್ರಶ್ನೆಯೇ ಇಲ್ಲ. ಸ್ವಲ್ಪ ಸುಧಾರಿಸಿದೊಡನೆ, ವೈದ್ಯರು ಬೇಡವೆಂದರೂ, ಸಹಿ ಮಾಡಿಕೊಟ್ಟು ಕರೆದೊಯ್ಯುತ್ತಾರೆ. 115ನೇ ಸೆಕ್ಷನ್ ಕೊಟ್ಟ ಹಕ್ಕು ಆ ಒಂದು ಸುಳ್ಳಿನಲ್ಲಿ ಕಳೆದುಹೋಗುತ್ತದೆ. ಶಿಕ್ಷೆ ಹೋದರೂ ಶಿಕ್ಷೆಯ ಭಯ ಹೋಗಿಲ್ಲ.

ಅಪಾಯ ಎಷ್ಟು, ಎಲ್ಲಿಯವರೆಗೆ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ಸತ್ತರು. ಅವರಲ್ಲಿ 13,606 ಜನ ಕರ್ನಾಟಕದವರು. ಪ್ರತಿ ಸಾವಿನ ಹಿಂದೆ 20ಕ್ಕೂ ಹೆಚ್ಚು ಯತ್ನಗಳಿರುತ್ತವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದೇ ಅಳತೆ ಹಿಡಿದರೆ ನಮ್ಮ ರಾಜ್ಯದಲ್ಲೇ ವರ್ಷಕ್ಕೆ ಎರಡೂವರೆ ಲಕ್ಷಕ್ಕೂ ಹೆಚ್ಚು ಯತ್ನಗಳು. ಹಿಂದೊಮ್ಮೆ ಯತ್ನಿಸಿರುವುದೇ ಮುಂದಿನ ಆತ್ಮಹತ್ಯೆಗೆ ಅತಿ ದೊಡ್ಡ ಅಪಾಯಸೂಚನೆ ಎಂದೂ ಆ ಸಂಸ್ಥೆ ಹೇಳುತ್ತದೆ.

‘ದೊಡ್ಡ ಅಪಾಯ’ ಎಂದರೆ ಎಷ್ಟು? ತಮಗೆ ತಾವೇ ಹಾನಿ ಮಾಡಿಕೊಂಡು ಆಸ್ಪತ್ರೆ ಸೇರಿದವರ ಬಗ್ಗೆ ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಬ್ರಿಟನ್ನಿನ ಸಂಶೋಧಕರು ಲೆಕ್ಕ ಹಾಕಿದರು. ಒಂದು ವರ್ಷದೊಳಗೆ ಸುಮಾರು ಶೇ 16ರಷ್ಟು ಜನ ಮತ್ತೆ ಅದೇ ದಾರಿ ಹಿಡಿದಿದ್ದರು. ಒಂದು ವರ್ಷದಲ್ಲಿ ಶೇ 1.6ರಷ್ಟು, ಐದು ವರ್ಷದಲ್ಲಿ ಶೇ 3.9ರಷ್ಟು ಜನ ಜೀವ ಕಳೆದುಕೊಂಡಿದ್ದರು. ಏಷ್ಯಾದ ದೇಶಗಳಲ್ಲಿ ಮರುಯತ್ನದ ಪ್ರಮಾಣ ಇದಕ್ಕಿಂತ ಕಡಿಮೆ ಕಂಡಿತ್ತು.

ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಶೇ 1.6 ಸಣ್ಣದಾಗಿ ಕಾಣಬಹುದು. ಆದರೆ ದೇಶದ ಒಟ್ಟು ಆತ್ಮಹತ್ಯೆ ಪ್ರಮಾಣ 2022ರಲ್ಲಿ ಲಕ್ಷಕ್ಕೆ 12.4. ಶೇ 1.6 ಎಂದರೆ ಲಕ್ಷಕ್ಕೆ 1,600. ಬೇರೆ ಬೇರೆ ದೇಶಗಳ ಲೆಕ್ಕವಾದ್ದರಿಂದ ನೇರ ಹೋಲಿಕೆ ಸಲ್ಲದು, ಆದರೂ ಅಂತರ ನೂರು ಪಟ್ಟಿನ ಆಸುಪಾಸಿನದು. ಇನ್ನೊಂದು ಕಡೆಯಿಂದ ಅದೇ ಅಂಕಿ ಹೇಳುವುದೇನು? ಬದುಕುಳಿದ ನೂರು ಜನರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ಆ ದಾರಿಯಲ್ಲಿ ಸಾಯುವುದಿಲ್ಲ. ಯತ್ನ ಎಂಬುದು ಹಣೆಬರಹವಲ್ಲ. ಈಗ ಆ ಸ್ಥಿತಿಯಲ್ಲಿರುವ ಯಾರಾದರೂ ಇದನ್ನು ಓದುತ್ತಿದ್ದರೆ ಈ ಎರಡನೆಯ ಓದನ್ನೇ ಹಿಡಿದುಕೊಳ್ಳಬೇಕು: ಹೆಚ್ಚಿನವರು ಇದನ್ನು ದಾಟಿ ಬದುಕುತ್ತಾರೆ.

ಅಪಾಯ ಎಲ್ಲ ದಿನವೂ ಒಂದೇ ಸಮ ಇರುವುದಿಲ್ಲ ಎಂಬುದು ಇನ್ನೂ ಮುಖ್ಯ. ಅಮೆರಿಕದ ಮಿನೆಸೋಟ ರಾಜ್ಯದ ಒಂದು ಕೌಂಟಿಯಲ್ಲಿ 1986ರಿಂದ 2007ರವರೆಗೆ ಮೊದಲ ಬಾರಿಗೆ ಯತ್ನಿಸಿದ 1,490 ಜನರನ್ನು ಸಂಶೋಧಕರು ವರ್ಷಗಟ್ಟಲೆ ಗಮನಿಸಿದರು. ಅವರಲ್ಲಿ 81 ಜನ ಆತ್ಮಹತ್ಯೆಯಿಂದ ಸತ್ತರು. ಈ 81ರಲ್ಲಿ 48 ಜನ ಮೊದಲ ಯತ್ನದಲ್ಲೇ ತೀರಿಕೊಂಡಿದ್ದರು. ಮೊದಲನೆಯದರಲ್ಲಿ ಬದುಕಿ ನಂತರ ಸತ್ತ 33 ಜನರಲ್ಲಿ 27 ಜನ ಒಂದೇ ವರ್ಷದೊಳಗೆ ಹೋಗಿದ್ದರು. ಬದುಕುಳಿದವರನ್ನಷ್ಟೇ ನೋಡಿಕೊಂಡರೆ ಎಲ್ಲ ಸಾವು ತಪ್ಪುವುದಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ಆದರೆ ತಪ್ಪಿಸಬಹುದಾದವುಗಳಲ್ಲಿ ಬಹುಪಾಲು ಮೊದಲ ಹನ್ನೆರಡು ತಿಂಗಳಲ್ಲಿ, ಅದರಲ್ಲೂ ಆಸ್ಪತ್ರೆಯಿಂದ ಬಂದ ಮೊದಲ ಕೆಲವು ವಾರಗಳಲ್ಲಿವೆ. ನೆಂಟರು ಬಂದು ಹಾಲು, ಹಣ್ಣು ಕೊಟ್ಟು, ‘ಆತು ಬಿಡು, ದೇವರು ದೊಡ್ಡಾವ’ ಎಂದು ಹೇಳಿ ಹೋದ ಮೇಲಿನ ದಿನಗಳವು.

ಹಾಗೆಂದು ಒಂದು ವರ್ಷ ಕಳೆದರೆ ಎಲ್ಲ ಮುಗಿಯಿತು ಎನ್ನುವಂತಿಲ್ಲ. 1963ರಲ್ಲಿ ಹೆಲ್ಸಿಂಕಿಯಲ್ಲಿ ಆಸ್ಪತ್ರೆ ಸೇರಿದ್ದ ಸುಮಾರು ನೂರು ಜನರನ್ನು 37 ವರ್ಷ ಹಿಂಬಾಲಿಸಿದ ಅಧ್ಯಯನವೊಂದಿದೆ. ಶೇ 13ರಷ್ಟು ಜನ ಕೊನೆಗೆ ಆತ್ಮಹತ್ಯೆಯಿಂದಲೇ ಸತ್ತಿದ್ದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಹದಿನೈದು ವರ್ಷ ಕಳೆದ ಮೇಲೆ. ಗುಂಪು ಸಣ್ಣದು, ದೇಶ ಬೇರೆ. ಆದರೂ ವೈದ್ಯರು ಒಪ್ಪುವ ಚಿತ್ರ ಇದೇ: ಅಪಾಯ ಮೊದಲ ತಿಂಗಳುಗಳಲ್ಲಿ ಬೆಟ್ಟದಂತಿದ್ದು, ನಂತರ ಇಳಿದು ಬಯಲಾಗುತ್ತದೆ, ಆದರೆ ಪೂರ್ತಿ ನೆಲ ಮುಟ್ಟುವುದಿಲ್ಲ. ಬದುಕಿನಲ್ಲಿ ಮತ್ತೊಂದು ದೊಡ್ಡ ಪೆಟ್ಟು ಬಿದ್ದಾಗ ಹಳೆಯ ಬಾಗಿಲು ತೆರೆದುಕೊಳ್ಳಬಹುದು.

ಮತ್ತೆ ಮತ್ತೆ ಯಾಕೆ

ಮೊದಲ ಕಾರಣ ಸರಳ. ಆಸ್ಪತ್ರೆ ದೇಹವನ್ನು ಉಳಿಸಿ ಕಳಿಸುತ್ತದೆ. ಸಂಕಟ ಮನೆಯಲ್ಲಿ ಇದ್ದಲ್ಲೇ ಇರುತ್ತದೆ. ಬ್ಯೂರೊದ 2022ರ ವರದಿಯಲ್ಲಿ ಸಾವಿನ ಕಾರಣಗಳ ಪೈಕಿ ಕೌಟುಂಬಿಕ ಸಮಸ್ಯೆಗಳು ಶೇ 31.7, ಕಾಯಿಲೆ ಶೇ 18.4. ಸತ್ತವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ದಿನಗೂಲಿಯವರು. ಪೊಲೀಸ್ ದಾಖಲೆಯಲ್ಲಿ ಒಂದೇ ಕಾರಣ ಬರೆಯುತ್ತಾರೆ. ವಾಸ್ತವದಲ್ಲಿ ಸಾಲ, ಕುಡಿತ, ಜಗಳ, ಖಿನ್ನತೆ ಒಂದರ ಮೇಲೊಂದು ಪೇರಿರುತ್ತವೆ.

ವಾರದ ಕಂತನ್ನೇ ತೆಗೆದುಕೊಳ್ಳಿ. ಸಂಘದ ಸಾಲ ತಂದ ಹೆಣ್ಣುಮಗಳು ನಾಲ್ಕು ದಿನ ವಾರ್ಡ್‌ನಲ್ಲಿದ್ದು ಮನೆಗೆ ಬರುತ್ತಾಳೆ. ಆ ನಾಲ್ಕು ದಿನದ ಕೂಲಿ ಹೋಗಿದೆ. ಆಟೊ, ಔಷಧಿ, ಜೊತೆಗಿದ್ದವರ ಊಟ ಎಂದು ಹೊಸ ಕೈಗಡ ಆಗಿದೆ. ಕಂತಿನ ದಿನ ಮಾತ್ರ ಬದಲಾಗಿಲ್ಲ. ಅವಳು ಕಟ್ಟದಿದ್ದರೆ ಗುಂಪಿನ ಉಳಿದವರು ಕಟ್ಟಬೇಕು, ಅವರ ಮುಖ ನೋಡಬೇಕು. ಯತ್ನಕ್ಕೆ ಮುಂಚೆ ಇದ್ದ ಭಾರ ಈಗ ಇಮ್ಮಡಿಯಾಗಿದೆ. ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು, ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂದಿತು. ಕಿರುಕುಳ ಕೊಡುವವರನ್ನು ಹೆದರಿಸಲು ಅದು ಬೇಕು. ಆದರೆ ಆಸ್ಪತ್ರೆಯಿಂದ ಬಂದವರ ಕಂತನ್ನು ಮೂರು ತಿಂಗಳು ಮುಂದೂಡಿಸುವ ಕೆಲಸ ಯಾರಾದರೂ ಕೂತು ಮಾತಾಡಿ ಮಾಡಬೇಕಾದದ್ದು. ಚಿಕಿತ್ಸೆಯ ಜೊತೆ ಪುನರ್ವಸತಿ ಎಂಬ ಪದವನ್ನೂ ಕಾನೂನು ಬಳಸಿರುವುದು ಇಂಥದ್ದಕ್ಕೆ ಎಂದೇ ನಾನು ಓದುತ್ತೇನೆ.

ಎರಡನೆಯ ಕಾರಣ ಮನಸ್ಸಿನೊಳಗಿನದು. ಸಾವಿನ ಭಯ ಮನುಷ್ಯನಿಗೆ ಹುಟ್ಟಾ ಬಂದ ಕಾವಲು. ಒಮ್ಮೆ ಅದರ ಅಂಚಿಗೆ ಹೋಗಿ ಬಂದವರಲ್ಲಿ ಆ ಕಾವಲು ಸಡಿಲಗೊಳ್ಳುತ್ತದೆ ಎಂದು ಮನೋವಿಜ್ಞಾನಿಗಳು ವಿವರಿಸುತ್ತಾರೆ. ಮುಂದಿನ ಸಲ ಅಷ್ಟು ದೊಡ್ಡ ಕಾರಣ ಬೇಕಾಗುವುದಿಲ್ಲ. ಚಿಕಿತ್ಸೆ ಸಿಗದ ಖಿನ್ನತೆಯೋ ಕುಡಿತವೋ ಜೊತೆಗಿದ್ದರೆ ಕಾವಲು ಇನ್ನೂ ಸಡಿಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಕಂಡಂತೆ, ನಮ್ಮಲ್ಲಿ ಮಾನಸಿಕ ಕಾಯಿಲೆ ಇರುವವರಲ್ಲಿ ಹತ್ತಕ್ಕೆ ಏಳಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ.

ಮೂರನೆಯದು ನಾಚಿಕೆ. ಓಣಿಯಲ್ಲಿ ಎಲ್ಲರಿಗೂ ಗೊತ್ತಾಗಿದೆ. ಹುಡುಗಿಗೆ ಸಂಬಂಧ ಬರುವುದಿಲ್ಲ ಎಂಬ ಚಿಂತೆ ಅಮ್ಮನಿಗೆ, ಮಾನ ಹೋಯಿತು ಎಂಬ ಸಿಟ್ಟು ಅಪ್ಪನಿಗೆ. ಮಾತು ಬೇಕಾದವರ ಸುತ್ತ ಮೌನ ಕಟ್ಟಿಕೊಳ್ಳುತ್ತದೆ.

ನಮ್ಮ ಭಾಗಕ್ಕೆ ಇದರ ಮೇಲೆ ಇನ್ನೊಂದು ಕಷ್ಟವಿದೆ, ಗುಳೆ. ರಾಶಿ ಮುಗಿದ ಮೇಲೆ ದೇವದುರ್ಗ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಕುಟುಂಬಗಳು ಬೆಂಗಳೂರು, ಪುಣೆ, ಗೋವಾ ಕಡೆ ದುಡಿಯಲು ಹೋಗುತ್ತವೆ. ತಿಂಗಳ ಗುಳಿಗೆ ಅಲ್ಲಿಗೆ ನಿಲ್ಲುತ್ತದೆ. ಖಿನ್ನತೆಯ ಔಷಧಿ ಕೆಲಸ ಶುರುಮಾಡಲು ವಾರಗಳು ಬೇಕು, ನಂತರವೂ ತಿಂಗಳುಗಟ್ಟಲೆ ಮುಂದುವರಿಸಬೇಕು. ನಡುವೆ ಬಿಟ್ಟರೆ ಕಾಯಿಲೆ ಮರಳುತ್ತದೆ. ಊರಲ್ಲಿದ್ದವರಿಗೂ ಲಿಂಗಸುಗೂರು, ಸಿಂಧನೂರಿನಿಂದ ರಾಯಚೂರಿಗೆ ಬಂದುಹೋಗಲು ಒಂದು ದಿನದ ಕೂಲಿ, ಬಸ್ ಚಾರ್ಜು ಬೇಕು.

‘ಹೆದರಸಾಕ ಮಾಡ್ಯಾಳ’

ವಾರ್ಡ್‌ಗಳ ಹೊರಗೆ ಮತ್ತೆ ಮತ್ತೆ ಕೇಳುವ ಮಾತು ಇದು. ನಿಜವಾಗಿ ಸಾಯುವವರು ಹೇಳಿ ಮಾಡುವುದಿಲ್ಲ, ಇದು ಮನೆಯವರನ್ನು ಬಗ್ಗಿಸುವ ಆಟ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಕೆಲವು ಆರೋಗ್ಯ ಸಿಬ್ಬಂದಿಯ ಮಾತಿನಲ್ಲೂ ಅದು ಇಣುಕುತ್ತದೆ. ಅಧ್ಯಯನಗಳು ತೋರಿಸುವುದು ಇದಕ್ಕೆ ತದ್ವಿರುದ್ಧ: ‘ಸಣ್ಣ’ ಯತ್ನ ಮಾಡಿದವರಲ್ಲೂ ಮುಂದಿನ ಅಪಾಯ ಸಾಮಾನ್ಯ ಜನರಿಗಿಂತ ಬಹಳ ಹೆಚ್ಚು. ಮೊದಲ ಸಲ ದೇಹಕ್ಕೆ ಎಷ್ಟು ಪೆಟ್ಟಾಯಿತು ಎಂಬುದರಿಂದ ಮನಸ್ಸಿನ ಆಳ ಅಳೆಯಲಾಗದು. ಅನೇಕರಲ್ಲಿ ಸಾಯುವ ಆಸೆಯೂ ಬದುಕುವ ಆಸೆಯೂ ಒಟ್ಟಿಗೇ ಇರುತ್ತವೆ. ಬದುಕುವ ಆಸೆ ಇದೆ ಎಂಬುದನ್ನೇ ನಾಟಕದ ಸಾಕ್ಷಿ ಮಾಡಿಕೊಂಡರೆ, ನೆರವಿಗೆ ಹಿಡಿಯಬೇಕಾದ ಒಂದೇ ಎಳೆಯನ್ನು ನಾವೇ ಹರಿದಂತೆ.

ಸಾಯುವ ಯೋಚನೆ ಇದೆಯೇ ಎಂದು ಕೇಳಿದರೆ ತಲೆಗೆ ಹುಳ ಬಿಟ್ಟಂತಾಗುತ್ತದೆ ಎಂಬುದು ಇದರ ಜೊತೆಗಿರುವ ಭಯ. ಈ ಬಗ್ಗೆ ನಡೆದ ಸಂಶೋಧನೆಗಳಲ್ಲಿ, ನೇರವಾಗಿ ಕೇಳಿದ್ದರಿಂದ ಆ ಯೋಚನೆ ಹೆಚ್ಚಾದದ್ದು ಕಂಡಿಲ್ಲ. ಎದೆ ಹಗುರವಾದದ್ದೇ ಹೆಚ್ಚು. ರಾಯಚೂರು ಸೀಮೆಯ ಆಶಾ ಕಾರ್ಯಕರ್ತೆ ‘ಯಕ್ಕಾ, ಜೀವ ಬ್ಯಾಸರ ಆಗ್ಯಾದೇನು? ಮತ್ತ ಹಂಗ ಮಾಡ್ಕೋಬೇಕು ಅನಿಸ್ತದೇನು?’ ಎಂದು ಕೇಳಿದರೆ, ಅದಕ್ಕಿಂತ ಒಳ್ಳೆಯ ಪ್ರಶ್ನಾವಳಿ ಬೇಕಿಲ್ಲ.

ಯಾರು ಮತ್ತೆ ಯತ್ನಿಸುತ್ತಾರೆಂದು ಮೊದಲೇ ಹೇಳಬಹುದೇ

ಆಗದು. ಅಂಕ ಹಾಕಿ ‘ಹೆಚ್ಚು ಅಪಾಯ’, ‘ಕಡಿಮೆ ಅಪಾಯ’ ಎಂದು ವಿಂಗಡಿಸುವ ಪಟ್ಟಿಗಳು ದಶಕಗಳಿಂದ ಬಳಕೆಯಲ್ಲಿವೆ. ಐವತ್ತು ವರ್ಷಗಳ ಸಂಶೋಧನೆಯನ್ನು ಒಟ್ಟಾಗಿ ನೋಡಿದ 2017ರ ವಿಶ್ಲೇಷಣೆಯೊಂದು ಇಂಥ ಭವಿಷ್ಯವಾಣಿ ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಹೆಚ್ಚೇನೂ ಮೇಲಲ್ಲ ಎಂದಿತು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್, ಮರುಯತ್ನ ಊಹಿಸಲು ಇವನ್ನು ಬಳಸಬೇಡಿ ಎಂದು 2022ರಲ್ಲಿ ವೈದ್ಯರಿಗೆ ಹೇಳಿತು. ‘ಕಡಿಮೆ ಅಪಾಯ’ದವರೆಂದು ಮನೆಗೆ ಕಳಿಸಿದವರಲ್ಲೂ ಸಾವುಗಳು ಆಗುತ್ತವೆ. ಆರಿಸಲು ಬರುವುದಿಲ್ಲ ಎಂದಾದರೆ ಎಲ್ಲರನ್ನೂ ಹಿಂಬಾಲಿಸಿ ಹೋಗುವುದೊಂದೇ ದಾರಿ. ಕೇಳಲು ಅಸಾಧ್ಯ ಎನಿಸುತ್ತದೆ, ಆದರೆ ಅದು ಅಷ್ಟೇನೂ ದುಬಾರಿಯಲ್ಲ ಎಂದು ತೋರಿಸಿದ ನಗರಗಳಲ್ಲಿ ಒಂದು ನಮ್ಮ ಪಕ್ಕದ ಚೆನ್ನೈ.

ಒಂಬತ್ತು ಭೇಟಿ

ವಿಶ್ವ ಆರೋಗ್ಯ ಸಂಸ್ಥೆ ಐದು ಕಡೆ ಒಂದು ಪ್ರಯೋಗ ನಡೆಸಿತು: ಬ್ರೆಜಿಲ್‌ನ ಕಂಪಿನಾಸ್, ಚೆನ್ನೈ, ಕೊಲಂಬೊ, ಇರಾನಿನ ಕರಜ್, ಚೀನಾದ ಯುನ್‌ಚೆಂಗ್. ಯತ್ನಿಸಿ ತುರ್ತು ವಿಭಾಗಕ್ಕೆ ಬಂದ 1,867 ಜನರನ್ನು ಎರಡು ಗುಂಪು ಮಾಡಲಾಯಿತು. ಒಂದಕ್ಕೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆ, ಮನೆಗೆ ಹೋಗುವ ಹೊತ್ತಿಗೆ ಒಂದು ಗಂಟೆಯ ಮಾತುಕತೆ, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಭೇಟಿ ಅಥವಾ ಫೋನ್: ಮೊದಲ, ಎರಡನೆಯ, ನಾಲ್ಕನೆಯ, ಏಳನೆಯ, ಹನ್ನೊಂದನೆಯ ವಾರ, ನಂತರ ನಾಲ್ಕು, ಆರು, ಹನ್ನೆರಡು, ಹದಿನೆಂಟನೆಯ ತಿಂಗಳು. ಅಪಾಯದ ಬೆಟ್ಟ ಎಲ್ಲಿ ಎತ್ತರವಿದೆಯೋ ಅಲ್ಲಿ ಭೇಟಿಗಳು ಒತ್ತಾಗಿವೆ.

2008ರಲ್ಲಿ ಪ್ರಕಟವಾದ ಫಲಿತಾಂಶ ಇದು: ಎಂದಿನ ಚಿಕಿತ್ಸೆ ಪಡೆದವರಲ್ಲಿ ಶೇ 2.2ರಷ್ಟು ಜನ ಆತ್ಮಹತ್ಯೆಯಿಂದ ಸತ್ತಿದ್ದರು. ಒಂಬತ್ತು ಸಲ ವಿಚಾರಿಸಿಕೊಂಡ ಗುಂಪಿನಲ್ಲಿ ಶೇ 0.2. ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಮರುಯತ್ನಗಳ ಪ್ರಮಾಣ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಇತ್ತು, ಶೇ 7.5ರ ಆಸುಪಾಸು. ಅಂದರೆ ಸಂಕಟ ಮರಳದಂತೆ ಈ ಭೇಟಿಗಳು ತಡೆಯಲಿಲ್ಲ. ಮರಳಿದಾಗ ಜೀವ ಹೋಗುವುದು ಕಡಿಮೆಯಾಯಿತು. ಅಷ್ಟು ಸಾಕಲ್ಲವೇ?

ಇದರ ಜೊತೆ ಕೈಜೋಡಿಸುವ ಇನ್ನೆರಡು ಕ್ರಮಗಳಿವೆ. ಒಂದು, ಆಸ್ಪತ್ರೆ ಬಿಡುವ ಮೊದಲು ರೋಗಿಯೇ ಬರೆದುಕೊಳ್ಳುವ ಸುರಕ್ಷತಾ ಯೋಜನೆ: ನನಗೆ ಕೆಟ್ಟ ಹೊತ್ತು ಬರುತ್ತಿದೆ ಎಂದು ಹೇಗೆ ಗೊತ್ತಾಗುತ್ತದೆ, ಆಗ ಏನು ಮಾಡಿದರೆ ಹಗುರವಾಗುತ್ತದೆ, ಯಾರಿಗೆ ಫೋನ್ ಮಾಡಲಿ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಈ ಯೋಜನೆಯ ಜೊತೆ ಫೋನ್ ಕರೆಗಳನ್ನೂ ಸೇರಿಸಿದಾಗ ಆರು ತಿಂಗಳಲ್ಲಿ ಆತ್ಮಹತ್ಯಾ ವರ್ತನೆ ಶೇ 45ರಷ್ಟು ಕಡಿಮೆ ಕಂಡಿತು.

ಇನ್ನೊಂದು, ಅಪಾಯದ ವಸ್ತು ಕೈಗೆ ಸಿಗದಂತೆ ಮಾಡುವುದು. ತುಂಗಭದ್ರಾ ನಾಲೆಯ ಭತ್ತದ ಸೀಮೆಯಲ್ಲಿ, ಹತ್ತಿ–ಮೆಣಸಿನಕಾಯಿ ಬೆಳೆಯುವ ಮಸಾರಿ, ಎರೆ ಹೊಲಗಳ ಊರುಗಳಲ್ಲಿ ಬೆಳೆಗೆ ಹೊಡೆಯುವ ಎಣ್ಣಿ ಮನೆಯೊಳಗೇ, ಎಷ್ಟೋ ಸಲ ಕಾಳಿನ ಚೀಲದ ಪಕ್ಕದಲ್ಲೇ ಇರುತ್ತದೆ. ಕೆಟ್ಟ ಗಳಿಗೆ ಅಲೆಯಂತೆ ಬಂದು ಹೋಗುವಂಥದ್ದು, ಅನೇಕರಲ್ಲಿ ಅದು ಕೆಲವೇ ನಿಮಿಷಗಳದ್ದು. ಆ ನಿಮಿಷಗಳಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಬೇರೆ ದಾರಿ ಹುಡುಕಿಕೊಳ್ಳುತ್ತಾರೆ ಎಂಬ ಆಕ್ಷೇಪ ಹಳೆಯದು. ಶ್ರೀಲಂಕಾ 1990ರ ದಶಕದಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. ಎರಡು ದಶಕಗಳಲ್ಲಿ ಅಲ್ಲಿನ ಒಟ್ಟು ಆತ್ಮಹತ್ಯೆ ಪ್ರಮಾಣ ಮೂರನೆಯ ಒಂದು ಪಾಲಿನಷ್ಟಕ್ಕೆ ಇಳಿಯಿತು. ಬೆಳೆಯೇನೂ ಕುಸಿಯಲಿಲ್ಲ. ಊರಿಗೊಂದು ಸಾಮೂಹಿಕ ಉಗ್ರಾಣ ಮಾಡಿ, ಪ್ರತಿ ರೈತನಿಗೂ ಬೀಗದ ಪೆಟ್ಟಿಗೆ ಕೊಡುವ ಪ್ರಯೋಗ ತಮಿಳುನಾಡಿನ ಹಳ್ಳಿಗಳಲ್ಲಿ ನಡೆದಿದೆ. ಯತ್ನಿಸಿ ಬದುಕಿದವರ ಮನೆಯಿಂದಲಾದರೂ ಎಣ್ಣಿ ಅಂದೇ ಹೊರಹೋಗಬೇಕು.

ಬಳ್ಳಾರಿ ದೇಶಕ್ಕೆ ಕಲಿಸಿದ್ದು

ಇಷ್ಟೆಲ್ಲ ನಮ್ಮಂಥ ಹಿಂದುಳಿದ ಭಾಗದಲ್ಲಿ ಆಗುವ ಮಾತೇ ಎನ್ನುವವರು ಒಂದು ಇತಿಹಾಸ ನೆನೆಯಬೇಕು. 1982ರಲ್ಲಿ ದೇಶ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಘೋಷಿಸಿದಾಗ ಅದನ್ನು ಹಳ್ಳಿಗೆ ಮುಟ್ಟಿಸುವುದು ಹೇಗೆಂದು ಯಾರಿಗೂ ಸ್ಪಷ್ಟವಿರಲಿಲ್ಲ. ನಿಮ್ಹಾನ್ಸ್ ಒಂದು ಇಡೀ ಜಿಲ್ಲೆಯನ್ನು ಆರಿಸಿಕೊಂಡು 1985ರಿಂದ 1990ರವರೆಗೆ ಮಾಡಿ ತೋರಿಸಿತು. ಆ ಜಿಲ್ಲೆ ಬಳ್ಳಾರಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ, ಆರೋಗ್ಯ ಕಾರ್ಯಕರ್ತರಿಗೆ ಕಾಯಿಲೆ ಗುರುತಿಸುವ ಪಾಠ, ಕೇಂದ್ರದಲ್ಲೇ ಔಷಧಿ, ಪ್ರತಿ ತಿಂಗಳು ಜಿಲ್ಲಾ ಮಟ್ಟದ ಪರಿಶೀಲನೆ. ಇದೇ ‘ಬಳ್ಳಾರಿ ಮಾದರಿ’ ಎಂದು ಹೆಸರಾಗಿ, 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು.

ಇಂದು ಆ ಕಾರ್ಯಕ್ರಮದ ತಂಡ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿದೆ. ರಾಯಚೂರಿನ ರಿಮ್ಸ್ ಸೇರಿದಂತೆ ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಕೂರುವ ‘ಮನೋಚೈತನ್ಯ’ ಯೋಜನೆ ರಾಜ್ಯದ್ದೇ. 2022ರ ಅಕ್ಟೋಬರ್ 10ರಿಂದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ದಿನದ 24 ಗಂಟೆಯೂ ಕರೆ ಸ್ವೀಕರಿಸುತ್ತಿದೆ. ಅದೇ ವರ್ಷದ ನವೆಂಬರ್‌ನಲ್ಲಿ ಬಂದ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರ, 2030ರೊಳಗೆ ಸಾವುಗಳನ್ನು ಶೇ 10ರಷ್ಟು ಇಳಿಸುವ ಗುರಿ ಇಟ್ಟಿದೆ. ಕಾನೂನು ಇದೆ, ಯೋಜನೆ ಇದೆ, ಸಹಾಯವಾಣಿ ಸಂಖ್ಯೆ ಇದೆ. ಇವುಗಳ ನಡುವೆ ಕೊಂಡಿ ಇಲ್ಲ.

ಕೊಂಡಿ ಎಲ್ಲಿ ತಪ್ಪಿದೆ ಎಂದು ನೋಡಲು ದೂರ ಹೋಗಬೇಕಿಲ್ಲ. ಸಾಮಾನ್ಯವಾಗಿ ಕೈಗೆ ಸಿಗುವ ಡಿಸ್ಚಾರ್ಜ್ ಚೀಟಿಯನ್ನು ಬಿಚ್ಚಿ ನೋಡಿ. ಮೇಲೆ ಒಳರೋಗಿ ಸಂಖ್ಯೆ, ವಾರ್ಡು, ಸೇರಿದ ದಿನ, ಬಿಟ್ಟ ದಿನ. ನಡುವೆ ಗುಳಿಗೆಗಳ ಹೆಸರು, ಪಕ್ಕದಲ್ಲಿ 1-0-1. ಕೊನೆಗೆ, ವಾರ ಬಿಟ್ಟು ಬಂದು ತೋರಿಸಿ ಎಂಬ ಒಂದು ಸಾಲು. ಬಾರದಿದ್ದರೆ ಯಾರು ವಿಚಾರಿಸುತ್ತಾರೆ ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ. ಆ ಊರಿನ ಆಶಾ ಕಾರ್ಯಕರ್ತೆಗೆ, ಆರೋಗ್ಯ ಕೇಂದ್ರಕ್ಕೆ, ಜಿಲ್ಲಾ ತಂಡಕ್ಕೆ ಸುದ್ದಿ ಹೋಗುವ ದಾರಿ ಇಲ್ಲ. ಬಾಣಂತಿ ಮನೆಗೆ ಬಂದರೆ ಎಷ್ಟನೇ ದಿನ ಯಾರು ಹೋಗಿ ನೋಡಬೇಕೆಂದು ಇದೇ ವ್ಯವಸ್ಥೆಗೆ ಗೊತ್ತಿದೆ. ಕ್ಷಯದ ರೋಗಿ ಗುಳಿಗೆ ತಪ್ಪಿಸಿದರೆ ಹುಡುಕಿಕೊಂಡು ಹೋಗುವುದೂ ಗೊತ್ತಿದೆ.

ಆಶಾಗಳ ಮೇಲೆ ಇನ್ನೆಷ್ಟು ಹೊರೆ ಎಂಬ ಪ್ರಶ್ನೆ ನ್ಯಾಯವಾದದ್ದು. ಗೌರವಧನಕ್ಕಾಗಿ 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ರಾತ್ರಿ ಹಗಲು ಕೂರಬೇಕಾಯಿತು. ಈ ಕೆಲಸಕ್ಕೆ ಬೇರೆಯದೇ ಪ್ರೋತ್ಸಾಹಧನ, ತರಬೇತಿ, ಕಷ್ಟದ ಪ್ರಕರಣ ಬಂದಾಗ ಒಪ್ಪಿಸಲು ಮೇಲೊಬ್ಬರು ಬೇಕೇ ಬೇಕು. ಗುಟ್ಟು ಕಾಯುವುದೂ ತರಬೇತಿಯ ಭಾಗವಾಗಬೇಕು, ಏಕೆಂದರೆ ಆಶಾ ಅದೇ ಓಣಿಯವಳು. ಮನೆಯವರು ಒಪ್ಪದಿದ್ದರೆ ಭೇಟಿಯ ಬದಲು ಜಿಲ್ಲಾ ತಂಡದಿಂದ ಫೋನ್ ಹೋಗಲಿ. ಗುಳೆ ಹೋದವರಿಗೆ ಹೇಗೂ ಫೋನೇ ಗತಿ. ಮೂರು ಜಿಲ್ಲೆಗಳಲ್ಲಿ ಇದನ್ನು ಶುರುಮಾಡಲು ಹೊಸ ಕಟ್ಟಡ ಬೇಡ. ಚೀಟಿಯಲ್ಲಿ ಒಂದು ಫೋನ್ ಸಂಖ್ಯೆ, ಒಬ್ಬರ ಹೆಸರು, ಒಂಬತ್ತು ತಾರೀಖು ಬೇಕು.

ಮನೆಯಲ್ಲಿ

ವ್ಯವಸ್ಥೆ ಬರುವವರೆಗೆ ಕಾಯಲಾಗದವರಿಗೆ ಇಷ್ಟು. ಆಸ್ಪತ್ರೆಯಲ್ಲಿ ನಿಜ ಹೇಳಿ; ಯತ್ನಕ್ಕೆ ಶಿಕ್ಷೆ ಇಲ್ಲ, ಮನೋವೈದ್ಯರನ್ನು ಕೇಳುವುದು ನಿಮ್ಮ ಹಕ್ಕು. ಮೊದಲ ವಾರಗಳಲ್ಲಿ ಒಂಟಿಯಾಗಿ ಬಿಡಬೇಡಿ, ಕಾವಲುಗಾರರಂತೆಯೂ ಇರಬೇಡಿ. ಎಣ್ಣಿ, ಹೆಚ್ಚುವರಿ ಗುಳಿಗೆ ಮನೆಯಿಂದಾಚೆ ಇರಲಿ. ‘ಯಾಕ ಮಾಡ್ಕೊಂಡಿ’ ಎನ್ನುವುದಕ್ಕಿಂತ ‘ಈಗ ಹೆಂಗ ಅನಿಸ್ತದ’ ಎಂದು ಕೇಳಿ. ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು, ಹಣವಿಲ್ಲ. ಸಂಕಟದಲ್ಲಿರುವವರೂ ಮಾಡಬಹುದು, ನೋಡಿಕೊಳ್ಳುವವರೂ ಮಾಡಬಹುದು. ಜೀವಕ್ಕೆ ಅಪಾಯವಿದ್ದರೆ 112.

ಕ್ಯಾಲೆಂಡರ್ ಮೇಲೆ ಆ ಒಂಬತ್ತು ಗುರುತುಗಳನ್ನು ಮನೆಯವರೇ ಹಾಕಿಕೊಳ್ಳಬಹುದು. ಎಳ್ಳಮಾವಾಸ್ಯೆಯ ಹೊತ್ತಿಗೆ ಮನೆಗೆ ಬಂದವರನ್ನು ಕೊನೆಯ ಸಲ ವಿಚಾರಿಸುವ ದಿನ ಬರುವುದು ಒಂದು ಕಾರಹುಣ್ಣಿಮೆ ದಾಟಿ, ಎರಡನೆಯ ಕಾರಹುಣ್ಣಿಮೆಗೆ.